ನೆರಳಲ್ಲಿ ಆರಿದ ಮೀನೂಟ

ಕೆ.ಆರ್.ಪುರದ ರೈಲುಹಳಿಯ ಹಿಂದೆ ಬೆಳಕು ಹರಿಯುವ ಮುಂಚೆಯೇ ಬೆಳ್ಳುಳ್ಳಿ ವಾಸನೆ. ಒಗ್ಗರಣೆಯದಲ್ಲ, ಮೀನಿನ ಊಟದ್ದು. ಟಾರ್ಪಾಲಿನ ದುಂಡು ತೊಟ್ಟಿಯ ಪಕ್ಕ ನಿಂತು ಲಕ್ಷ್ಮಿದೇವಿ ಒಂದು ಹಿಡಿ ಮೇವಿನ ಕಾಳು ಎರಚುತ್ತಾರೆ. ನೀರು ಕುದಿಯುವ ಹಾಗೆ ಜಿಲೇಬಿ ಮೀನುಗಳು ಮೇಲೇಳುತ್ತವೆ.

"ಸಾವಕಾಶ ತಿನ್ರೋ, ಬೀಗರ ಮನ್ಯಾಗ ಉಣ್ಣೋರಂಗ ಮಾಡಬ್ಯಾಡ್ರಿ" ಎಂದು ಗದರುತ್ತಾರೆ.

ಈ ಕಡೆ ಕೆರೆಗಳು ತುಂಬಿರುತ್ತಿದ್ದ ಕಾಲದಲ್ಲಿ ಮೀನಿಗೆ ಊಟ ಹಾಕುತ್ತೇನೆಂದರೆ ಜನ ನಗುತ್ತಿದ್ದರು. ಈಗ ಮೀನು ತೊಟ್ಟಿಯಲ್ಲಿ, ಊಟ ಚೀಲದಲ್ಲಿ. ಸುರಪುರದ ಕಡೆಯಿಂದ ಗಾರೆ ಕೆಲಸಕ್ಕೆಂದು ಬಂದ ಲಕ್ಷ್ಮಿದೇವಿ, ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ವೆಂಕಟಾಚಲ ಅವರ ಈ ತೊಟ್ಟಿಗಳನ್ನು ನೋಡಿಕೊಳ್ಳುತ್ತಾರೆ. ಪಕ್ಕದ ಕೋಣೆಯೇ ಮನೆ.

ಹೋದ ಚಳಿಗಾಲದಲ್ಲಿ ಮೀನುಗಳು ಊಟ ಬಿಟ್ಟವು. ಹಾಕಿದ ಕಾಳು ತೇಲುತ್ತಲೇ ಇರುತ್ತಿತ್ತು. ಶಿವಾಜಿನಗರದ ಮೀನು ವ್ಯಾಪಾರಿ ಮುನೀರ್ ಒಂದನ್ನು ಅಂಗೈ ಮೇಲಿಟ್ಟು, "ಅಕ್ಕಾ, ಇದು ಮೀನಾ, ಬಾಚಣಿಗೆನಾ?" ಎಂದು ಬರಿಗೈಲಿ ಹೋದರು. ಯುಗಾದಿಯೊಳಗೆ ಮೈ ತುಂಬದಿದ್ದರೆ ತೊಟ್ಟಿ ಬಿಚ್ಚುವುದೆಂದು ವೆಂಕಟಾಚಲ ನಿಶ್ಚಯಿಸಿದರು. ತೊಟ್ಟಿ ಹೋದರೆ ಕೋಣೆಯೂ ಹೋಯಿತು.

ಕೊನೆಯ ಪ್ರಯತ್ನವೆಂದು ಹಸಿವು ಹುಟ್ಟಿಸುವ, ತಿಂದದ್ದು ಮೈಗೆ ಹತ್ತಿಸುವ ಪುಡಿಯೊಂದು ಅಂಗಡಿಯಿಂದ ಬಂತು. ಅದನ್ನು ಬೆಳ್ಳುಳ್ಳಿಯ ಜೊತೆ ಗಂಜಿಯಲ್ಲಿ ಕಲಸಿ ಕಾಳಿಗೆ ಹಚ್ಚಬೇಕು, ಆರಿಸಬೇಕು. ಲಕ್ಷ್ಮಿದೇವಿ ಹಚ್ಚಿದರು, ಮಾಳಿಗೆಯ ಬಿಸಿಲಿಗೆ ಹರವಿದರು. ಮೀನು ಮೂಸಲೂ ಇಲ್ಲ.

"ನಮ್ ಕಡಿ ಬಿಸಲಿಗಿ ಹಾಕಿದ್ರನ ಒಣಗಿದ್ದು ಅಂತ ಲೆಕ್ಕ ನೋಡ್ರಿ. ಮೆಣಸಿನಕಾಯಿ, ಸಂಡಿಗಿ, ಶಾವಿಗಿ, ಎಲ್ಲಾ ಹಂಗ. ಇದನ್ನೂ ಹಂಗ ಹರವಿದೆ" ಎಂದು ಅವರು ನಗುತ್ತಾರೆ.

ಒಂದು ದಿನ ಮೋಡ ಕವಿಯಿತು. ಹಚ್ಚಿದ ಕಾಳನ್ನು ಕೋಣೆಯೊಳಗೆ, ಫ್ಯಾನಿನ ಕೆಳಗೆ ಹರಡಿದರು. ಬೆಳಗ್ಗೆ ಅದನ್ನು ಎರಚಿದರೆ ತೊಟ್ಟಿಯೆಲ್ಲ ಎದ್ದು ಬಂತು. ಓಡಿ ಹೋಗಿ ಮಾಳಿಗೆಯ ಮೇಲೆ ಉಳಿದಿದ್ದ ಕಾಳು ಮೂಸಿ ನೋಡಿದರು.

"ಬರೀ ಮಣ್ಣಿನ ವಾಸನಿ. ಬೆಳ್ಳುಳ್ಳಿನ ಬಿಸಲೇ ತಿಂದಿತ್ರೀ. ಮೀನು ಏನ್ ತಿನ್ನಬೇಕು?"

ಅಂದಿನಿಂದ ಎಲ್ಲವೂ ನೆರಳಲ್ಲೇ, ಅವರು ಮಲಗುವ ಕೋಣೆಯ ನೆಲದ ಮೇಲೆ ಆರುತ್ತದೆ. ಯುಗಾದಿಗೆ ಮೊದಲೇ ಮುನೀರ್ ಬಂದರು, ಬಲೆ ಎತ್ತಲು ಹೋಗಿ ಜಾರಿ ಕೂತರು. "ಅಕ್ಕಾ, ಇವು ನನ್ನನ್ನೇ ತಿಂತಾವೆ. ಎಲ್ಲಾ ನಂಗೇ ಇರ್ಲಿ" ಎಂದರು.

ತೊಟ್ಟಿ ಬಿಚ್ಚಬೇಕಿದ್ದ ಜಾಗದಲ್ಲಿ ಈಗ ಇನ್ನೆರಡು ಹೊಸ ತೊಟ್ಟಿಗಳು ಏಳುತ್ತಿವೆ. ಹಬ್ಬಕ್ಕೆ ಏನು ಕೊಡಿಸಲಿ ಎಂದು ವೆಂಕಟಾಚಲ ಕೇಳಿದರಂತೆ.

"ಸೀರಿ ಬ್ಯಾಡ್ರಿ, ಒಂದು ಚಪ್ಪರ ಹಾಕಿಸಿ ಕೊಡ್ರಿ ಅಂದೀನಿ" ಎನ್ನುತ್ತಾರೆ ಲಕ್ಷ್ಮಿದೇವಿ, ಬೆಳ್ಳುಳ್ಳಿ ಕೈ ಸೆರಗಿಗೆ ಒರೆಸುತ್ತ. "ಅವುಗಳ ಊಟ ಹೊರಗ ಹೋದ್ರ ನನ್ ಹಾಸಿಗಿ ನನಗ ಸಿಗ್ತದ."