ಸೆರಗಿನ ಗಂಟಿನ ಆಯಸ್ಕಾಂತ

ಬಳ್ಳಾರಿಯ ಲ್ಯಾಬಿನಲ್ಲಿ ನಮ್ಮ ಸಂಶೋಧನೆಗೆ ಗೈಡ್ ಆಗಿದ್ದ ಮೇಡಂ ಸೆರಗಿನ ತುದಿಯಲ್ಲಿ ಸಣ್ಣದೊಂದು ಆಯಸ್ಕಾಂತವನ್ನು ಗಂಟು ಹಾಕಿಕೊಂಡಿರುತ್ತಿದ್ದರು. ನಾವು ಮಾಡುತ್ತಿದ್ದ ನ್ಯಾನೊ ಪುಡಿಯ ಕಣಕಣದಲ್ಲೂ ಕಾಂತಗುಣ, ವಿದ್ಯುತ್‌ಗುಣ ಎರಡೂ ಒಟ್ಟಿಗೆ ನಿಲ್ಲಬೇಕಿತ್ತು. “ಒಂದ ಮನ್ಯಾಗ ಎರಡೂ ಬಾಳ್ವಿ ಮಾಡಬೇಕ್ರಿ” ಎನ್ನುವುದು ಅವರ ಮಾತು.

ಕಾಂತಗುಣ ಯಾವಾಗಲೂ ಸೊರಗಿರುತ್ತಿತ್ತು. ಒಮ್ಮೆ ಅಳತೆಯಲ್ಲಿ ಅದು ಜೋರಾಗಿ ಬಂತು. ನಾವು ಪೇಡಾ ತಂದು, ವಿಜ್ಞಾನ ಪತ್ರಿಕೆಗೆ ಪ್ರಬಂಧ ಕಳಿಸಲು ಸಿದ್ಧರಾದೆವು. ಮೇಡಂ ಪೇಡಾ ಮುಟ್ಟಲಿಲ್ಲ. ಕಬ್ಬಿಣದ ಅದಿರಿನ ಲಾರಿಗಳು ಓಡಾಡುವ ರಸ್ತೆಯ ಕಡೆಗೆ ತೆರೆದಿದ್ದ ಕಿಟಕಿಯ ಅಂಚಿನ ಮೇಲೆ ಸೆರಗಿನ ಗಂಟನ್ನು ಎಳೆದರು. ಕೆಂಪು ಧೂಳು ಮೆತ್ತಿಕೊಂಡಿತು, ಕೊಡವಿದರೂ ಉದುರಲಿಲ್ಲ.

“ಪುಡಿ ಅರೆಯೋವಾಗ ಇದು ಅದರಾಗ ಬಿದ್ದೈತ್ರಿ. ಈ ಕಾಂತ ನಮ್ಮ ಪುಡೀದಲ್ಲ, ಬಳ್ಳಾರೀದು.”

ಆಮೇಲೆ ಕಿಟಕಿ ಮುಚ್ಚಿದರು. ಅಷ್ಟೂ ಪುಡಿಯನ್ನು ಚೆಲ್ಲಿ, ಹೊಸದಾಗಿ ಅರೆಯಲು ನಮ್ಮನ್ನು ಕೂರಿಸಿ, ಒಂದು ಪೇಡಾ ಬಾಯಿಗೆ ಹಾಕಿಕೊಂಡರು.