ಆಡದ ಪಂದ್ಯಕ್ಕೆ ಹಾಕಿದ ಗುರುತು

ಹ್ಯಾಸಲ್‌ಡೀನ್ ಟೌನ್ ಫುಟ್‌ಬಾಲ್ ಕ್ಲಬ್ಬಿಗೆ ನಾರ್ಮನ್ ಆಶ್‌ವರ್ತ್ ಕಾರ್ಯದರ್ಶಿಯಾಗಿ ಇಪ್ಪತ್ತಾರು ವರ್ಷವಾಗಿತ್ತು. ಸಂಬಳವಿಲ್ಲದ ಕೆಲಸ. ಅಂಚೆ ಹಂಚುವ ನೌಕರಿಯಿಂದ ನಿವೃತ್ತನಾದ ಮೇಲಂತೂ ಬೆಳಗಿನಿಂದ ಸಂಜೆಯವರೆಗೆ ಅದೇ ಆಯಿತು. ರೆಫರಿಗಳಿಗೆ ಪತ್ರ, ಆಟಗಾರರ ನೋಂದಣಿ, ಯಾರಿಗೆ ಎಷ್ಟು ಪಂದ್ಯದ ಶಿಕ್ಷೆ ಎಂಬ ಲೆಕ್ಕ, ಮಳೆ ಬಂದರೆ ಕಬ್ಬಿಣದ ಹಲ್ಲಿನ ಸಲಿಕೆಯಿಂದ ಮೈದಾನವನ್ನು ಚುಚ್ಚಿ ನೀರು ಇಳಿಸುವುದು, ಎಲ್ಲವೂ ಅವನದೇ. ಅವನ ಹೆಂಡತಿ ಮಾರ್ಜರಿ ಮೈದಾನದ ಮೂಲೆಯ ಗೂಡಂಗಡಿಯಲ್ಲಿ ಚಹಾ ಮತ್ತು ಮಾಂಸದ ಪೈ ಮಾರುತ್ತಿದ್ದಳು. ಗಂಡ ಮದುವೆಯಾದದ್ದು ಕ್ಲಬ್ಬನ್ನು, ತಾನು ಸುಮ್ಮನೆ ಜೊತೆಗೆ ಬಂದವಳು ಎಂದು ಗಿರಾಕಿಗಳ ಮುಂದೆ ಹೇಳಿಕೊಂಡು ನಗುತ್ತಿದ್ದಳು.

ಆ ವರ್ಷ ಚಳಿಗಾಲವಿಡೀ ಮಳೆ. ಇಂಗ್ಲಿಷ್ ಫುಟ್‌ಬಾಲಿನ ಎಂಟನೇ ಹಂತದಲ್ಲಿ ಮೈದಾನಗಳು ಹೇಗಿರುತ್ತವೆಂದು ಆಡಿದವರಿಗೇ ಗೊತ್ತು. ಹ್ಯಾಸಲ್‌ಡೀನಿನಲ್ಲೇ ಐದು ಪಂದ್ಯ ಮುಂದಕ್ಕೆ ಹೋದವು. ತಂಡ ಅಂಕಪಟ್ಟಿಯ ಕೆಳತುದಿಯಲ್ಲಿ ಏದುಸಿರು ಬಿಡುತ್ತಿತ್ತು. ಕೊನೆಯ ಎರಡು ತಂಡಗಳು ಒಂಬತ್ತನೇ ಹಂತಕ್ಕೆ ಇಳಿಯಬೇಕು. ಕ್ಲಬ್ಬಿನ ನೂರು ವರ್ಷದ ಬಾಳಿನಲ್ಲಿ ಹ್ಯಾಸಲ್‌ಡೀನ್ ಅಷ್ಟು ಕೆಳಗೆ ಎಂದೂ ಇಳಿದಿರಲಿಲ್ಲ.

ತಂಡದಲ್ಲಿ ಗೋಲು ಹೊಡೆಯಬಲ್ಲವನೆಂದರೆ ಕ್ಯಾಲಮ್ ರಶ್ಟನ್ ಒಬ್ಬನೇ. ವಾರವೆಲ್ಲ ಗೋಡೆಗಳಿಗೆ ಗಿಲಾವು ಮಾಡುವ ಕೆಲಸ, ಶನಿವಾರ ಫುಟ್‌ಬಾಲ್. ಜನವರಿಯಲ್ಲಿ ರೆಫರಿಯ ತಾಯಿಯ ಬಗ್ಗೆ ಏನೋ ಅಂದು ಕೆಂಪು ಕಾರ್ಡ್ ತಿಂದ. ಮೂರು ಪಂದ್ಯ ಆಡುವಂತಿಲ್ಲ ಎಂದು ಲೀಗ್ ಪತ್ರ ಕಳಿಸಿತು.

ನಾರ್ಮನ್‌ಗೆ ಒಂದು ಅಭ್ಯಾಸ. ಶನಿವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನಲ್ಲಿ ಚಹಾ ಕುಡಿಯುತ್ತ ಅಂದಿನ ತಂಡದ ಪಟ್ಟಿ ಬರೆಯುತ್ತಿದ್ದ. ಶಿಕ್ಷೆಯಲ್ಲಿರುವ ಆಟಗಾರನಿದ್ದರೆ ಶಿಕ್ಷೆಯಲ್ಲಿ ಒಂದು ಪಂದ್ಯ ಕಳೆಯಿತೆಂದು ಆಗಲೇ ಡೈರಿಯಲ್ಲಿ ಅದರ ಎದುರು ಒಂದು ಗುರುತು ಹಾಕಿ, ಮೈದಾನಕ್ಕೆ ಹೊರಡುತ್ತಿದ್ದ. ಕ್ಯಾಲಮ್‌ನ ಮೂರನೇ ಪಂದ್ಯಕ್ಕೂ ಒಂಬತ್ತು ಗಂಟೆಗೆ ಗುರುತು ಬಿತ್ತು. ಮಧ್ಯಾಹ್ನ ರೆಫರಿ ಬಂದು ಗೋಲಿನ ಮುಂದೆ ಕಾಲಿಟ್ಟರೆ ನೀರು ಬೂಟಿನ ಮೇಲೆ ಹರಿಯಿತು. ಪಂದ್ಯ ರದ್ದು. ಎದುರಾಳಿಗಳ ಬಸ್ಸು ಆಗಲೇ ಅರ್ಧ ದಾರಿ ದಾಟಿತ್ತು. ಬಂದ ನಲವತ್ತು ಜನರಿಗೆ ಪೈ ಬಿಸಿ ಮಾಡಿ ಕೊಟ್ಟು, ಕ್ಷಮೆ ಕೇಳಿ ಕಳಿಸುವುದರಲ್ಲಿ ನಾರ್ಮನ್‌ನ ಸಂಜೆ ಮುಗಿಯಿತು. ಆಡದ ಪಂದ್ಯ ಶಿಕ್ಷೆಯ ಲೆಕ್ಕಕ್ಕೆ ಬರುವುದಿಲ್ಲ. ಗುರುತು ಅಳಿಸಬೇಕಿತ್ತು, ಅಳಿಸಲಿಲ್ಲ.

ಮುಂದಿನ ಶನಿವಾರ ಕ್ಯಾಲಮ್ ಆಡಿದ. ಥಾರ್ನ್‌ಲಿ ಬ್ರಿಜ್ ತಂಡದ ವಿರುದ್ಧ ಎರಡು ಗೋಲು ಹೊಡೆದ. ಹ್ಯಾಸಲ್‌ಡೀನ್ ಎರಡು ಒಂದರಿಂದ ಗೆದ್ದಿತು. ಯಾರ ಕಣ್ಣಿಗೂ ಏನೂ ಬೀಳಲಿಲ್ಲ.

ಏಪ್ರಿಲ್‌ನಲ್ಲಿ, ಮೂರು ಪಂದ್ಯ ಉಳಿದಿದ್ದಾಗ, ರದ್ದಾಗಿದ್ದ ಪಂದ್ಯಗಳೆಲ್ಲ ಮುಗಿದವೋ ಇಲ್ಲವೋ ಎಂದು ನೋಡಲು ನಾರ್ಮನ್ ಡೈರಿಯ ಹಿಂದಿನ ಪುಟ ತಿರುವಿದ. ಮಳೆಯಿಂದ ರದ್ದು ಎಂದು ತನ್ನದೇ ಕೈಬರಹ. ಪಕ್ಕದಲ್ಲಿ ತನ್ನದೇ ಗುರುತು. ಲೀಗಿಗೆ ತಿಳಿದರೆ ಆ ಗೆಲುವಿನ ಮೂರು ಅಂಕ ಹೋಗುತ್ತವೆ. ಈಗ ಕೆಳಗಿನಿಂದ ಎರಡನೇ ಸ್ಥಾನದಲ್ಲಿದ್ದುದು ಅದೇ ಥಾರ್ನ್‌ಲಿ ಬ್ರಿಜ್, ಹ್ಯಾಸಲ್‌ಡೀನಿಗಿಂತ ಐದು ಅಂಕ ಹಿಂದೆ. ಆ ಐದು ಎರಡಾಗುತ್ತದೆ.

ಮಾರ್ಜರಿ ಎಲ್ಲವನ್ನೂ ಕೇಳಿಸಿಕೊಂಡಳು. ಲೀಗಿಗೆ ಬರೆಯುವುದಾದರೆ ಊಟಕ್ಕೆ ಮುಂಚೆಯೇ ಬರೆದುಬಿಡು, ಇಲ್ಲದಿದ್ದರೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ ಎಂದಳು. ಆದರೆ ನಾರ್ಮನ್ ಮೊದಲು ಹೋದದ್ದು ತಂಡದ ಮ್ಯಾನೇಜರ್ ಡೆಸ್ ಹೋಲ್‌ರಾಯ್ಡ್ ಹತ್ತಿರ. ಡೆಸ್ ಬಸ್ ಡ್ರೈವರ್, ಡಿಪೋದಲ್ಲಿ ಊಟದ ಡಬ್ಬಿ ಬಿಚ್ಚಿ ಕೂತಿದ್ದ. ಕೇಳಿದವನೇ ಡಬ್ಬಿ ಮುಚ್ಚಿದ.

"ಇನ್ನು ಮೂರು ವಾರ ಬಾಯಿ ಮುಚ್ಕೊಂಡಿದ್ರೆ ಆಗುತ್ತಲ್ಲೋ ಮಾರಾಯ. ಹತ್ತು ತಿಂಗಳು ಕೆಸರಲ್ಲಿ ಉರುಳಾಡಿದ್ದೀವಿ."

"ಆ ಪಂದ್ಯ ಸೋತಿದ್ದು ಥಾರ್ನ್‌ಲಿಯವರು, ಡೆಸ್. ಅದರಿಂದ್ಲೇ ಅವರು ಇಳಿದುಹೋದ್ರೆ ಆಮೇಲೆ ಈನಿಡ್‌ಗೆ ನಾನು ಏನಂತ ಫೋನ್ ಮಾಡ್ಲಿ?"

ಈನಿಡ್ ಕ್ರಾಬ್‌ಟ್ರೀ ಥಾರ್ನ್‌ಲಿ ಬ್ರಿಜ್‌ನ ಕಾರ್ಯದರ್ಶಿ. ಹದಿನೆಂಟು ವರ್ಷದಿಂದ ಶುಕ್ರವಾರ ಶುಕ್ರವಾರ ಇಬ್ಬರೂ ಫೋನಿನಲ್ಲಿ ಮೈದಾನದ ನೀರು, ರೆಫರಿಗಳ ಸೊಕ್ಕು, ಮೊಣಕಾಲಿನ ನೋವು ಎಲ್ಲ ಹಂಚಿಕೊಳ್ಳುತ್ತಿದ್ದರು. ಡೆಸ್ ಎದ್ದು ಬಸ್ ಹತ್ತಿ ಹೋದ. ಸಂಜೆ ಯೂನಿಫಾರಂ ಸಹ ಬದಲಿಸದೆ ನಾರ್ಮನ್‌ನ ಬಾಗಿಲಿಗೆ ಬಂದ.

"ಪತ್ರದಲ್ಲಿ ನನ್ನ ಹೆಸರೂ ಹಾಕು," ಎಂದ. "ಅವನನ್ನ ಆಡಿಸಿದ್ದು ನಾನು. ನೀನೊಬ್ನೇ ಬೈಸ್ಕೊಳ್ಳೋದು ಬೇಡ."

ಲೀಗ್ ಮೂರು ಅಂಕ ಕಿತ್ತುಕೊಂಡಿತು. ಊರಿನ ಪತ್ರಿಕೆಯಲ್ಲಿ ಬಂತು. ಮುಂದಿನ ಶನಿವಾರ ಮೈದಾನಕ್ಕೆ ಹೋಗಲು ನಾರ್ಮನ್‌ನ ಕಾಲು ಏಳಲಿಲ್ಲ. ಇಡೀ ಊರಿಗೆ ಮುಖ ತೋರಿಸುವುದು ಹೇಗೆ? ಮಾರ್ಜರಿ ಕೋಟು ತಂದು ಅವನ ಮೇಲೆ ಎಸೆದಳು. ಗೇಟಿನಲ್ಲಿ ಟಿಕೆಟ್ ಹರಿಯುತ್ತ ಅವನು ತಲೆ ಎತ್ತದೆ ನಿಂತಿದ್ದ. ಮೊದಲು ಬಂದದ್ದು ಮುದುಕ ವಿಲ್ಫ್, ಆ ಊರಿನಲ್ಲಿ ಅವನ ನಾಲಿಗೆಗೆ ಸಿಕ್ಕದವರಿಲ್ಲ.

"ಏನ್ ನಾರ್ಮ್, ಇವತ್ತಿನ ಪಂದ್ಯಕ್ಕೂ ಬೆಳಿಗ್ಗೇನೇ ಗುರುತು ಹಾಕ್ಬಿಟ್ಯಾ? ಎಷ್ಟು ಗೋಲಿಂದ ಗೆದ್ವಿ ಹೇಳ್ಬಿಡು, ಚಳೀಲಿ ನಿಲ್ಲೋ ಬದ್ಲು ನಾನು ಮನೆಗೆ ಹೋಗ್ತೀನಿ."

ಹಿಂದಿದ್ದ ಸಾಲೆಲ್ಲ ನಕ್ಕಿತು. ನಾರ್ಮನ್ ಕೂಡ ನಕ್ಕ, ನಕ್ಕ ಮೇಲೆ ಕಣ್ಣು ಒರೆಸಿಕೊಂಡ. ಆ ದಿನ ಹ್ಯಾಸಲ್‌ಡೀನ್ ಗೆದ್ದಿತು. ಅದರ ಮುಂದಿನ ವಾರ ಸೋತಿತು. ಕೊನೆಯ ದಿನ ಬಂದಾಗ ಥಾರ್ನ್‌ಲಿಗಿಂತ ಒಂದೇ ಅಂಕ ಮುಂದಿತ್ತು. ಗೆದ್ದರೆ ಉಳಿವು.

ಗೆಲ್ಲಲಿಲ್ಲ. ಪಂದ್ಯ ಒಂದು-ಒಂದರಲ್ಲಿ ಸಮವಾಯಿತು. ಕೊನೆಯ ನಿಮಿಷದಲ್ಲಿ ಕ್ಯಾಲಮ್ ಒದ್ದ ಚೆಂಡು ಕಂಬಕ್ಕೆ ಬಡಿದು ವಾಪಸ್ ಬಂತು. ಜನ ಮೈದಾನದಲ್ಲೇ ನಿಂತು ಥಾರ್ನ್‌ಲಿಯ ಸುದ್ದಿಗಾಗಿ ಕಾದರು. ಕ್ಲಬ್ಬಿನ ಕೋಣೆಯಲ್ಲಿ ಫೋನ್ ರಿಂಗಣಿಸಿತು. ನಾರ್ಮನ್ ಎತ್ತಿಕೊಂಡ. ಆ ಕಡೆ ಈನಿಡ್.

"ನಾರ್ಮನ್, ನಾವು ಗೆದ್ವಿ. ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ. ಇಲ್ಲಿ ಎಲ್ಲರೂ ಕುಣೀತಿದ್ದಾರೆ, ನಾನು ಅಳ್ತಿದ್ದೀನಿ. ನೀವು ಆ ಪತ್ರ ಬರೀದೇ ಇದ್ದಿದ್ರೆ..."

ನಾರ್ಮನ್ ಅವಳಿಗೆ ಅಭಿನಂದನೆ ಹೇಳಿದ. ಅದು ಬಾಯಿಮಾತಾಗಿರಲಿಲ್ಲ ಎಂಬುದು ಅವನಿಗೇ ಆಶ್ಚರ್ಯವಾಯಿತು. ಹೊರಗೆ ಬಂದು ತಲೆ ಅಲ್ಲಾಡಿಸಿದ. ಜನಕ್ಕೆ ಅರ್ಥವಾಯಿತು. ಒಂದು ಅಂಕದಿಂದ ಇಳಿದಿದ್ದರು.

ಜೂನ್‌ನಲ್ಲಿ ವಾರ್ಷಿಕ ಸಭೆ. ನಾರ್ಮನ್ ರಾಜೀನಾಮೆ ಬರೆದು ತಂದಿದ್ದ. ಅಧ್ಯಕ್ಷರು ಅದನ್ನು ಓದಿ ಮುಗಿಸಿದರು. ಹಿಂದಿನಿಂದ ಕ್ಯಾಲಮ್ ಎದ್ದು ನಿಂತ. ಇಷ್ಟು ವರ್ಷದಲ್ಲಿ ಒಂದು ಸಭೆಗೂ ಬಂದವನಲ್ಲ. ತಲೆಗೂದಲಿನಲ್ಲಿ ಇನ್ನೂ ಗಿಲಾವಿನ ಪುಡಿಯಿತ್ತು.

"ನನ್ನ ಶಿಕ್ಷೆ ನನಗೇ ನೆನಪಿರಬೇಕಿತ್ತು," ಎಂದ. "ಬೈದಿದ್ದೂ ನಾನೇ, ಮನೇಲಿ ಕೂತಿದ್ದೂ ನಾನೇ. ಎರಡು ಪಂದ್ಯ ಕೂತಿದ್ನೋ ಮೂರೋ ಅಂತ ಎಣಿಸೋಕೆ ನನಗೆ ನಾರ್ಮ್ ಬೇಕಾ? ಇವರು ಬಿಡೋದಾದ್ರೆ ನಾನೂ ಬಿಡ್ತೀನಿ. ಬೇರೆ ಕ್ಲಬ್ಬಿನವರು ಕರೀತಿದ್ದಾರೆ, ನಾನು ಹೋಗಿಲ್ಲ."

ಅವರು ಯಾಕೆ ಕರೆಯುತ್ತಾರೋ, ಕಂಬಕ್ಕೆ ಹೊಡೆಯುವವನು ಬೇಕಾಗಿದ್ದನೇನೋ ಎಂದು ವಿಲ್ಫ್ ಗೊಣಗಿದ. ನಗು ಮುಗಿಯುವ ಮೊದಲೇ ರಾಜೀನಾಮೆ ಬೇಡವೆಂದು ಡೆಸ್ ಕೈ ಎತ್ತಿದ. ಒಬ್ಬೊಬ್ಬರಾಗಿ ಎಲ್ಲರೂ ಎತ್ತಿದರು. ದಿನವಿಡೀ ಇವನು ಮನೆಯಲ್ಲಿ ಕೂತರೆ ತನ್ನ ಗತಿಯೇನು ಎನ್ನುತ್ತ ಮಾರ್ಜರಿ ಎರಡೂ ಕೈ ಎತ್ತಿದಳು. ಅಧ್ಯಕ್ಷರು ರಾಜೀನಾಮೆಯನ್ನು ಮಡಿಚಿ ನಾರ್ಮನ್‌ಗೆ ವಾಪಸ್ ಕೊಟ್ಟರು.

ಎರಡು ಮಾತಾಡು ಎಂದು ಎಲ್ಲರೂ ಒತ್ತಾಯಿಸಿದರು. ನಾರ್ಮನ್ ಎದ್ದು ನಿಂತ. ಹೇಳಬೇಕೆಂದುಕೊಂಡದ್ದು ಬಹಳವಿತ್ತು. ಒಂಬತ್ತನೇ ಹಂತದ ಮೊದಲ ಪಂದ್ಯ ಬೇರೆ ಊರಿನಲ್ಲಿದೆ, ಬಸ್ ಗೊತ್ತು ಮಾಡಬೇಕು, ಬರುವವರು ಹೆಸರು ಕೊಡಿ ಎಂದಷ್ಟೇ ಹೇಳಿ ಕೂತುಬಿಟ್ಟ.

ದೂರದ ಪಂದ್ಯಕ್ಕೆ ಹನ್ನೆರಡು ಜನ ಹೊರಟರೆ ಹೆಚ್ಚು ಎನ್ನುವ ಊರು ಅದು. ನಾರ್ಮನ್ ಕಾಗದದ ಒಂದು ಮಗ್ಗುಲು ತುಂಬಿಸಿ, ತಿರುಗಿಸಿ, ಮತ್ತೆ ಮೇಲಿನಿಂದ ಬರೆಯತೊಡಗಿದ. ಎದುರಿಗೆ ಜನ ಇನ್ನೂ ಸಾಲಾಗಿ ನಿಂತಿದ್ದರು.