ಕಂಪ್ಯೂಟರಿಗೆ ಗಾಳಿ ಬೀಸಿದ ಅಜ್ಜಿ

ಇವತ್ತು ನನ್ನ ಹಳೆಯ ಕಂಪ್ಯೂಟರಿನ ಫ್ಯಾನು ಗರಗರ ಎಂದು ನಿಂತುಹೋಯಿತು. ಬಿಸಿ ಧೂಳಿನ ವಾಸನೆ ಮೂಗಿಗೆ ಬಡಿದದ್ದೇ ಮೊಗ್ರಾಲಿನ ನಮ್ಮ ಮನೆಯ ಚಾವಡಿ ನೆನಪಾಯಿತು.

ಅಪ್ಪ ಆಗ ಕುವೈತಿನಲ್ಲಿದ್ದರು. ಶುಕ್ರವಾರ ಊಟವಾದ ಮೇಲೆ ಚಾವಡಿಯ ಕಂಪ್ಯೂಟರಿನಲ್ಲಿ ಅವರ ಮುಖ ಕಾಣುತ್ತಿತ್ತು. ಆದರೆ ಒಳಗಿನ ಫ್ಯಾನು ಕೆಟ್ಟ ಮೇಲೆ, ಅಜ್ಜಿಯ ಸರದಿ ಬರುವಷ್ಟರಲ್ಲಿ ಪೆಟ್ಟಿಗೆ ಬಿಸಿಯಾಗಿ ಎಲ್ಲ ಆಫ್ ಆಗುತ್ತಿತ್ತು. ಮಗನ ಜೊತೆ ಮಾತಾಡಲಾಗದೆ ಅಜ್ಜಿ ಸಪ್ಪಗಾಗಿದ್ದರು.

ಒಂದು ಶುಕ್ರವಾರ ಅವರು ಅಮ್ಮನಿಂದ ಪೆಟ್ಟಿಗೆಯ ಮುಚ್ಚಳ ತೆಗೆಸಿ, ಅಡಿಕೆ ಹಾಳೆಯ ಬೀಸಣಿಗೆ ಹಿಡಿದು ಅದರ ಪಕ್ಕದಲ್ಲೇ ಕುಳಿತರು.

“ಅಮ್ಮಾ, ಎಂತಕ್ಕೆ ಬೀಸುವುದು? ಅಲ್ಲಿ ಕರೆಂಟ್ ಇಲ್ವಾ?” ಎಂದು ಅಪ್ಪ ಕೇಳಿದರು.

“ಕರೆಂಟ್ ಉಂಟು ಮಗಾ. ಈ ಪೆಟ್ಟಿಗೆ ಬಿಸಿಯಾದ್ರೆ ನೀನು ಕಾಣುವುದಿಲ್ಲ. ನೀನು ಮಾತಾಡು.”

ಅಪ್ಪ ಮಾತಾಡುತ್ತಾ ಹೋದರು. ಅಜ್ಜಿ ಕೈ ಬದಲಾಯಿಸುತ್ತಾ ಬೀಸಿದರು. ಅವತ್ತು ಕಂಪ್ಯೂಟರ್ ಆಫ್ ಆಗಲಿಲ್ಲ.

ರಿಪೇರಿಯವರು ಬಂದು ಹೊಸ ಫ್ಯಾನು ಹಾಕಿದ ಮೇಲೂ ಅಜ್ಜಿ ಬೀಸಣಿಗೆ ಹಿಡಿದೇ ಬರುತ್ತಿದ್ದರು. ಅಮ್ಮ ಬೇಡವೆನ್ನಲಿಲ್ಲ.

ಈಗ ಅಜ್ಜಿ ಇಲ್ಲ. ಅಪ್ಪ ಊರಿನಲ್ಲೇ ಇದ್ದಾರೆ. ಇದನ್ನು ಬರೆಯುವ ಮೊದಲು ಅವರಿಗೆ ಫೋನ್ ಮಾಡಿ, ಅವತ್ತು ಏನು ಮಾತಾಡಿದಿರಿ ಎಂದು ಕೇಳಿದೆ.

“ಅದು ನೆನಪಿಲ್ಲ,” ಎಂದರು. “ಕ್ಯಾಮೆರಾದಲ್ಲಿ ಅಮ್ಮನ ಮುಖ ಸರಿ ಕಾಣ್ತಿರಲಿಲ್ಲ. ಬೀಸುವ ಕೈ ಮಾತ್ರ ಕಂಡದ್ದು.”